ಕುಣಿಯುವ ಗೊಂಬೆಯ ದನಿ

ಅಮೆರಿಕದ ಕಲಾವಿದ ಜೋರ್ಡನ್ ವುಲ್ಫ್‌ಸನ್ 2014ರಲ್ಲಿ ನ್ಯೂಯಾರ್ಕಿನ ಡೇವಿಡ್ ಜ್ವಿರ್ನರ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ 'ಫೀಮೇಲ್ ಫಿಗರ್' ಕೃತಿಯನ್ನು ಶಿಲ್ಪವೆನ್ನಬೇಕೋ ನರ್ತಕಿಯೆನ್ನಬೇಕೋ ಎಂಬ ಸಂದೇಹ ಸಹಜವಾದುದು. ಹೊಂಗೂದಲು, ಕೊಳೆ ಮೆತ್ತಿದ ಬಿಳಿಯ ಉಡುಪು, ಮುಖಕ್ಕೆ ಮಾಟಗಾತಿಯ ಹಸಿರು ಅರೆಮುಖವಾಡ. ಲೋಹದ ಕಂಬದಿಂದ ಕನ್ನಡಿಗೆ ಕೂಡಿಸಿದ ಈ ಯಂತ್ರಸ್ತ್ರೀ ಕುಣಿಯುತ್ತಾಳೆ; ಬಂದವರ ಮುಖ ಗುರುತಿಸಿ ಕಣ್ಣಲ್ಲಿ ಕಣ್ಣಿಡುತ್ತಾಳೆ. (ಚಿತ್ರೀಕರಣದಲ್ಲಷ್ಟೇ ಕಂಡ ನಮ್ಮನ್ನು ಆಕೆ ಗುರುತಿಸಲಾರಳು.)

ಸೊಂಟ, ಬೆರಳುಗಳ ಚಲನೆ ಬೆರಗು ಹುಟ್ಟಿಸುವಂಥದೇ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಅವಳ ದನಿ. ಅದು ಗಂಡಸಿನದು, ಸ್ವತಃ ಕಲಾವಿದನದು.

ಗೊಂಬೆಗೆ ಮರೆಯಿಂದ ದನಿ ಕೊಡುವುದು ನಮಗೆ ಹೊಸದಲ್ಲ. ಪೆದ್ದಕಡುಬೂರಿನ ಈ ಆದೋನಿ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಕನ್ನಡದ ತೊಗಲುಗೊಂಬೆಯಾಟ, ತೆಲುಗಿನ ತೋಲುಬೊಮ್ಮಲಾಟ ಎರಡೂ ನಮ್ಮವೇ. ಆ ಆಟದಲ್ಲಿ ಪರದೆಯ ಹಿಂದೆ ಮನೆಮಂದಿಯೆಲ್ಲ ದುಡಿಯುತ್ತಾರೆ. ಸೀತೆ, ಮಂಡೋದರಿಯರ ಮಾತು ಹಾಡುಗಳಿಗೆ ಹೆಂಗಸರ ಕಂಠವೂ ಕೂಡುತ್ತದೆ. 2025ರ ಪದ್ಮಶ್ರೀಗೆ ಪಾತ್ರರಾದ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಆ ಪರಂಪರೆಯವರು. ಅಲ್ಲಿ ಚರ್ಮದ ಸೀತೆಗೆ ಕಣ್ಣು ಬರಿಯ ಬಣ್ಣ, ಆದರೂ ಅವಳ ಅಳಲು ಅವಳದೇ ಎನಿಸುತ್ತದೆ.

ವುಲ್ಫ್‌ಸನ್ನರ ಗೊಂಬೆಗೆ ನೋಟವಿದೆ, ಮಾತಿಲ್ಲ. ಹೆಣ್ಣನ್ನು ನೋಡುವ ಚಪಲವನ್ನು ಈ ಕೃತಿ ಹಂಗಿಸುತ್ತದೆಂಬ ವಾದವನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಆಕೆ ತಿರುಗಿ ನೋಡಿದಾಗ ನೋಡುವವನು ನಾಚಬಹುದು. ಆ ನೋಟವನ್ನು ಹೂಡಿದವನಾದರೋ ಅವಳ ಬಾಯೊಳಗೇ ಕುಳಿತು ಮಾತಾಡುತ್ತಿದ್ದಾನೆ.