‘ದೀವಾರ್’ನ ತಮ್ಮ

1975ರಲ್ಲಿ ತೆರೆಕಂಡ ಯಶ್ ಚೋಪ್ರಾ ಅವರ ‘ದೀವಾರ್’ ಎಂದ ಕೂಡಲೇ ಎಲ್ಲರ ಕಣ್ಮುಂದೆ ಬರುವುದು ಅಮಿತಾಭ್ ಬಚ್ಚನ್‌ರ ವಿಜಯ್. ಗೋದಾಮಿನಲ್ಲಿ ಕಾಲು ಚಾಚಿ ಕೂತು ರೌಡಿಗಳಿಗಾಗಿ ಕಾಯುತ್ತಾನೆ. ಅವರು ಬಂದ ಮೇಲೆ ತಾನೇ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಅವರತ್ತಲೇ ಎಸೆಯುತ್ತಾನೆ. ಹೊಡೆದಾಟಕ್ಕಿಂತ ಆ ಕಾಯುವಿಕೆಯೇ ಮೈ ಜುಮ್ಮೆನ್ನಿಸುತ್ತದೆ.

ಆದರೂ ಸಲೀಂ–ಜಾವೇದ್ ಬರವಣಿಗೆಯ ನಿಜವಾದ ಕಸುವು ನನಗೆ ಕಾಣುವುದು ತಮ್ಮ ರವಿಯ ಪಾಲಿಗೆ ಬಂದ ಒಂದು ಪುಟ್ಟ ಪ್ರಸಂಗದಲ್ಲಿ. ಪೊಲೀಸ್ ಅಧಿಕಾರಿಯಾದ ರವಿ, ಕದ್ದು ಓಡುತ್ತಿದ್ದ ಹುಡುಗನೊಬ್ಬನಿಗೆ ಗುಂಡು ಹಾರಿಸುತ್ತಾನೆ. ಹತ್ತಿರ ಹೋಗಿ ನೋಡಿದರೆ ಅವನು ಕದ್ದದ್ದು ಬರೀ ಬ್ರೆಡ್ಡು! ಮನಸ್ಸು ತಡೆಯದೆ ಊಟ ಹಿಡಿದು ಆ ಮನೆಗೆ ಹೋದರೆ, ವಿಷಯ ತಿಳಿದ ತಾಯಿ ಸಿಡಿದೇಳುತ್ತಾಳೆ. ನಿವೃತ್ತ ಮೇಷ್ಟ್ರಾದ ತಂದೆ ಮಾತ್ರ, ಕದ್ದದ್ದು ಲಕ್ಷವಾಗಲಿ ತುತ್ತಾಗಲಿ ಕಳ್ಳತನ ಕಳ್ಳತನವೇ ಎನ್ನುತ್ತಾರೆ. ಎ.ಕೆ. ಹಂಗಲ್ ಅಭಿನಯದ ಈ ಮೇಷ್ಟ್ರು ತೆರೆಯ ಮೇಲಿರುವುದು ಕೆಲವೇ ನಿಮಿಷ. ಅಣ್ಣ ವಿಜಯ್ ವಿರುದ್ಧದ ಕೇಸನ್ನು ರವಿ ಕೈಗೆತ್ತಿಕೊಳ್ಳುವುದು ಇದಾದ ಮೇಲೆಯೇ. ಕಾನೂನು ಇಲ್ಲಿ ಭಾಷಣವಲ್ಲ, ಹಸಿದ ಮನೆಯೊಂದು ಹೊರಿಸಿದ ಹೊಣೆ.

ಆ ಸಂಕಟವನ್ನು ಶಶಿ ಕಪೂರ್ ಅಬ್ಬರವಿಲ್ಲದೆ ನಟಿಸಿದ್ದಾರೆ. (ನಿಜಜೀವನದಲ್ಲಿ ಈ ‘ತಮ್ಮ’ ಅಮಿತಾಭ್‌ಗಿಂತ ನಾಲ್ಕು ವರ್ಷ ದೊಡ್ಡವರು.) ಪೋಷಕ ನಟನೆಗಾಗಿ ಅವರಿಗೆ ಸಿಕ್ಕ ಫಿಲ್ಮ್‌ಫೇರ್ ಪ್ರಶಸ್ತಿ ಪೂರ್ತಿ ನ್ಯಾಯವಾದದ್ದು.