ಈ ಸಲ ಏನ್ ಹೊಸದು?

ಆಗಸ್ಟ್ ಬಂತು ಅಂದ್ರೆ ನಮ್ಮ ಟ್ರಸ್ಟಿನ ವಾಟ್ಸ್ಯಾಪ್ ಗುಂಪು ನಿದ್ದೆಯಿಂದ ಏಳುತ್ತೆ. ಮೊದಲ ಮೆಸೇಜು ಪ್ರತಿವರ್ಷವೂ ಒಂದೇ: 'ಈ ಸಲ ಏನ್ ಹೊಸದು ಮಾಡೋಣ?'

ಬೆಂಗಳೂರಿಗೆ ಓದಲು ಬರುವ ಹಳ್ಳಿ ಹುಡುಗಿಯರಿಗಾಗಿ ಹಾಸ್ಟೆಲ್ ನಡೆಸುವ ಪುಟ್ಟ ಸಂಸ್ಥೆ ಅದು. 22 ಹುಡುಗಿಯರು, ಒಬ್ಬರು ವಾರ್ಡನ್, ಒಬ್ಬರು ಅಡುಗೆಯವರು. ನಾನು ಶನಿವಾರ, ಭಾನುವಾರ ಹೋಗಿ ಕೈಜೋಡಿಸುವವಳು. ವರ್ಷಕ್ಕೊಂದು ಸಹಾಯಾರ್ಥ ಕಾರ್ಯಕ್ರಮ ಮಾಡಿ ದುಡ್ಡೆತ್ತೋದು ಅಲ್ಲಿನ ವಾಡಿಕೆ. ನಾನು ಸೇರಿದ ವರ್ಷ ಭಾವಗೀತೆ ಇತ್ತು. ಭಾವಗೀತೆಗೆ ಈಗ ಯಾರು ಬರ್ತಾರೆ ಅಂತ ಮರುವರ್ಷ ಸ್ಟ್ಯಾಂಡಪ್ ಕಾಮಿಡಿ. ಕಾಮಿಡಿಗೆ ಬಂದೋರು ನಕ್ಕು ಎದ್ದು ಹೋಗ್ತಾರೆ, ಕೊಡಲ್ಲ ಅಂತ ಮೂರನೇ ವರ್ಷ ದೊಡ್ಡ ಹೋಟೆಲಿನ ಹಾಲು, ಡಿನ್ನರ್, ಜೊತೆಗೆ ಚಿತ್ರಗಳ ಹರಾಜು. ಫೋಟೋಗಳು ಚೆನ್ನಾಗಿ ಬಂದವು. ಎಲ್ಲರೂ ಸಕ್ಸಸ್ ಅಂದರು. ನಾನೂ ಅಂದೆ.

ಹದಿನೈದು ದಿನ ಬಿಟ್ಟು ಖಜಾಂಚಿಯವರು ಲೆಕ್ಕ ಓದಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ದನಿ ಏರಿಸುವವರಲ್ಲ. ಟಿಕೆಟ್, ಸ್ಪಾನ್ಸರ್, ಹರಾಜು ಎಲ್ಲ ಸೇರಿ ಬಂದದ್ದು 8 ಲಕ್ಷ 40 ಸಾವಿರ. ಹಾಲು, ಊಟ, ಸೌಂಡು, ಲೈಟು, ಎಲ್‌ಇಡಿ ಪರದೆ, ನಿರೂಪಕಿ, ಫೋಟೋ, ವಿಡಿಯೋ ಕಳೆದು ಉಳಿದದ್ದು 2 ಲಕ್ಷ 25 ಸಾವಿರ. ಅಂದರೆ ಕೊಟ್ಟವರ ಪ್ರತಿ ರೂಪಾಯಿಯಲ್ಲಿ ಹಾಸ್ಟೆಲ್ ಮುಟ್ಟಿದ್ದು 27 ಪೈಸೆ. ಶಾಲು, ಹಾರ, ಫಲತಾಂಬೂಲ, ಮರದ ಸ್ಮರಣಿಕೆ ಅಂತ 35 ಜನ ಗಣ್ಯರಿಗೆ ಆದ ಖರ್ಚೇ ಹತ್ತಿರ ಹತ್ತಿರ 30 ಸಾವಿರ. ನಮ್ಮಲ್ಲಿ ಒಬ್ಬ ಹುಡುಗಿಯ ಹತ್ತು ತಿಂಗಳ ಊಟದ ಲೆಕ್ಕವೂ ಅಷ್ಟೇ. ಖಜಾಂಚಿಯವರು ಕನ್ನಡಕ ತೆಗೆದು, 'ಏಳೂವರೆ ಹುಡುಗಿಯರ ಊಟ ಆಯ್ತು. ಮಿಕ್ಕವರಿಗೆ ಏನು ಮಾಡೋಣ?' ಅಂದರು. ಯಾರೋ, 'ಸಾರ್, ಅವೇರ್‌ನೆಸ್ ಆಯ್ತಲ್ಲ' ಅಂದರು.

ಈ 'ಅವೇರ್‌ನೆಸ್' ಅನ್ನೋ ಮಾತಿನ ಮೇಲೆ ನನಗೆ ಸಿಟ್ಟಿದೆ. ಲೆಕ್ಕ ಕೂಡದಿದ್ದಾಗ ಎಲ್ಲರೂ ಹಿಡಿಯೋ ಕೊಡೆ ಅದು. ಅವತ್ತು ಬಂದವರಲ್ಲಿ ಎಷ್ಟು ಜನ ಆಮೇಲೆ ಹಾಸ್ಟೆಲ್ ಎಲ್ಲಿದೆ ಅಂತ ಕೇಳಿದರು? ಇಬ್ಬರು. ಅದರಲ್ಲೊಬ್ಬರು ಟಿಕೆಟ್ ಹಣಕ್ಕೆ 80ಜಿ ರಸೀದಿ ಕೇಳಲು ಫೋನ್ ಮಾಡಿದ್ದು. 'ಅವರು ಊಟ ಮಾಡಿದ್ದಾರಲ್ಲಮ್ಮ, ಊಟದ ದುಡ್ಡು ದಾನ ಹೆಂಗಾಗುತ್ತೆ' ಅಂತ ಖಜಾಂಚಿಯವರು ಫೋನನ್ನು ನನ್ನ ಕೈಗಿಟ್ಟರು. (ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ವಿನಾಯಿತಿಯೇ ಇಲ್ಲ. ಅದನ್ನು ನಾನು ಹೇಳಲು ಹೋಗಲಿಲ್ಲ.)

ಆದರೆ ಆ ಸಂಜೆಯಲ್ಲಿ ನನ್ನನ್ನು ಇವತ್ತಿಗೂ ಕಾಡೋದು ದುಡ್ಡಲ್ಲ. ಊಟಕ್ಕೆ ಮುಂಚೆ, ಹರಾಜು ಕಾವೇರಲಿ ಅಂತ, ಬಿಎಸ್ಸಿ ಎರಡನೇ ವರ್ಷದ ಒಬ್ಬ ಹುಡುಗಿಯನ್ನು ವೇದಿಕೆಗೆ ಕರೆದರು. ಆ ಐಡಿಯಾ ನನ್ನದೇ. 'ಒಂದು ಹ್ಯೂಮನ್ ಸ್ಟೋರಿ ಬೇಕು' ಅಂತ ಮೀಟಿಂಗಿನಲ್ಲಿ ಹೇಳಿದ್ದು ನಾನು. ನಿರೂಪಕಿ ಅವಳ ಓದಿನ ಬಗ್ಗೆ ಒಂದು ಪ್ರಶ್ನೆ ಕೇಳಿ, ಸೀದಾ ಅಪ್ಪನ ಸಾಲಕ್ಕೆ ಹೋದರು. ಹುಡುಗಿ ಹೇಳಿದಳು. ಅಳಲಿಲ್ಲ. ಎದುರಿನ ಟೇಬಲ್ಲಿನವರು ಅತ್ತರು. ಮುಂದಿನ ಚಿತ್ರ ಒಳ್ಳೇ ಬೆಲೆಗೆ ಹೋಯ್ತು. ವಾಪಸ್ ಬರುವಾಗ ಟಿಟಿಯಲ್ಲಿ ನನ್ನ ಪಕ್ಕ ಕೂತಿದ್ದವಳು ಸುಮ್ಮನೆ ಕೇಳಿದಳು: 'ಅಕ್ಕಾ, ಮುಂದಿನ ವರ್ಷಾನೂ ನಾನೇ ಹೇಳ್ಬೇಕಾ, ಇಲ್ಲ ಬೇರೆಯವರನ್ನ ಕೇಳ್ತೀರಾ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾವು ವರ್ಷವರ್ಷ ಹೊಸದು ಮಾಡಿದ್ದು ಏನನ್ನು ಅಂತ ಆಮೇಲೆ ಯೋಚಿಸಿದೆ. ವೇದಿಕೆಯನ್ನು, ಊಟವನ್ನು, ಹಿಂದಿನ ಬ್ಯಾನರನ್ನು. ಕೇಳುವ ರೀತಿ ಮಾತ್ರ ಹಳೇದೇ. ಬಡವರನ್ನು ತೋರಿಸೋದು, ಕರಗಿಸೋದು, ಕರಗಿದವರ ಜೇಬಿಗೆ ಕೈ ಹಾಕೋದು.

ನಮ್ಮೂರು ಸಾಗರದ ಕಡೆ. ಅಲ್ಲಿ ಶಾಲೆಗೆ ಹೆಂಚು ಹೊದಿಸಬೇಕು ಅಂದ್ರೆ ಸಹಾಯಾರ್ಥ ಯಕ್ಷಗಾನ ಇಡಿಸೋರು. ನೆಲಕ್ಕೊಂದು ರೇಟು, ಕುರ್ಚಿಗೊಂದು ರೇಟು. ಅದನ್ನೇನು ನಾನು ಹೊಗಳಿ ಅಟ್ಟಕ್ಕೇರಿಸಲ್ಲ. ಟಿಕೆಟ್ ಪುಸ್ತಕ ಮೇಷ್ಟ್ರ ತಲೆಗೆ ಕಟ್ಟುತ್ತಿದ್ದರು, ಮೇಷ್ಟ್ರು ಮಕ್ಕಳ ಅಪ್ಪಂದಿರ ತಲೆಗೆ. ಮಿಕ್ಕಿದ ಟಿಕೆಟ್ಟಿನ ದುಡ್ಡು ಎಷ್ಟೋ ಸಲ ಮೇಷ್ಟ್ರ ಸಂಬಳದಿಂದಲೇ ಹೋಗ್ತಿತ್ತು. ಆದರೂ ಒಂದು ವ್ಯತ್ಯಾಸ ಇತ್ತು. ದುಡ್ಡು ಕೊಟ್ಟವರು ಮಾರನೇ ತಿಂಗಳು ಅದೇ ದಾರೀಲಿ ಓಡಾಡೋರು. ಹೆಂಚು ಬಿದ್ದಿದೆಯೋ ಇಲ್ವೋ ಅಂತ ಕಣ್ಣಿಗೇ ಕಾಣೋದು. ಕಾಣದಿದ್ದರೆ ಹೋಟ್ಲಲ್ಲಿ ಚಾ ಕುಡಿಯುತ್ತಾ ಕೇಳೋರು. ರಂಗಸ್ಥಳದಲ್ಲಿ ಕರ್ಣನೋ ಅಭಿಮನ್ಯುವೋ ಸಾಯುತ್ತಿದ್ದ, ಜನ ಅವನಿಗೇ ಅಳೋರು. ಶಾಲೆಯ ಮಕ್ಕಳನ್ನು ನಿಲ್ಲಿಸಿ ಅಳಿಸಬೇಕಾದ ಅಗತ್ಯ ಇರಲಿಲ್ಲ.

'ದೊಡ್ಡ ಹೆಸರು ಕರೆಸಿ, ಮಿಕ್ಕಿದ್ದೆಲ್ಲ ತಾನಾಗೇ ಆಗುತ್ತೆ' ಅನ್ನೋರು ನಮ್ಮ ಸಮಿತಿಯಲ್ಲೂ ಇದ್ದಾರೆ. ಅವರಿಗೆ ನಾನು 1971ರ 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ಕಥೆ ಹೇಳ್ತೀನಿ. ಪಂಡಿತ್ ರವಿಶಂಕರ್ ಕೇಳಿಕೊಂಡರು, ಜಾರ್ಜ್ ಹ್ಯಾರಿಸನ್ ಒಪ್ಪಿದರು. ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದೇ ದಿನ ಎರಡು ಪ್ರದರ್ಶನ. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ. ಅದಕ್ಕಿಂತ ದೊಡ್ಡ ಹೆಸರು ಎಲ್ಲಿಂದ ತರ್ತೀರಿ? ಟಿಕೆಟ್ಟಿನಿಂದ ಬಂದ ಸುಮಾರು 2 ಲಕ್ಷ 43 ಸಾವಿರ ಡಾಲರ್ ಯುನಿಸೆಫ್‌ಗೆ ಹೋಯ್ತು. ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಂದದ್ದು ಆಲ್ಬಮ್ಮು, ಸಿನಿಮಾಗಳಿಂದ. ದತ್ತಿ ಕಾರ್ಯಕ್ರಮ ಅಂತ ತೆರಿಗೆ ವಿನಾಯಿತಿಯ ಕಾಗದಪತ್ರ ಮುಂಚೆಯೇ ಮಾಡಿಸಿರಲಿಲ್ಲ. ಹಾಗಾಗಿ ಆ ಹಣದ ದೊಡ್ಡ ಪಾಲು ಅಮೆರಿಕದ ತೆರಿಗೆ ಇಲಾಖೆಯ ಗೋಜಲಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ನಿರಾಶ್ರಿತರ ಹಸಿವು ಅಷ್ಟು ವರ್ಷ ಕಾಯುತ್ತಾ? ಹಾಡು ಅಮರ, ಒಪ್ಪಿದೆ. ಹಾಡಿನ ಪಟ್ಟಿಗಿಂತ ಮುಂಚೆ ಯಾರಾದ್ರೂ ಒಬ್ಬ ಖಜಾಂಚಿಯನ್ನು ಕೂರಿಸಬೇಕಿತ್ತು.

ನಮ್ಮ ಪೈಕಿಯವರ ಇನ್ನೊಂದು ಉತ್ತರ ಓಟ. 2008ರಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಶುರುವಾದ ಮೇಲೆ ಆಫೀಸುಗಳಲ್ಲಿ 'ಐ ಆ್ಯಮ್ ರನ್ನಿಂಗ್ ಫಾರ್' ಮೇಲುಗಳು ಮಾಮೂಲಾದವು. ಡಿನ್ನರಿಗಿಂತ ಇದು ವಾಸಿ ಅಂತಲೇ ನನ್ನ ಲೆಕ್ಕ. ಇಲ್ಲಿ ಕೇಳೋದು ಎಲ್‌ಇಡಿ ಪರದೆ ಅಲ್ಲ, ಪಕ್ಕದ ಸೀಟಿನ ಮನುಷ್ಯ. ಅವನು ನಾಳೆಯೂ ಪಕ್ಕದಲ್ಲೇ ಕೂರಬೇಕು, ದುಡ್ಡು ಎಲ್ಲಿ ಹೋಯ್ತು ಅಂದ್ರೆ ಬಾಯಿ ಬಿಡಬೇಕು. ಆದರೆ ನಾಲ್ಕೈದು ವರ್ಷ ಆದಮೇಲೆ ಏನಾಗುತ್ತೆ ನೋಡಿ: ಅವನ ಓಟಕ್ಕೆ ನಾನು 500 ಕೊಡ್ತೀನಿ, ನನ್ನ ಓಟಕ್ಕೆ ಅವನು 500 ಕೊಡ್ತಾನೆ. ಮದುವೆ ಮನೆಯ ಮುಯ್ಯಿ! ಪುಸ್ತಕದಲ್ಲಿ ಬರೆದಿಟ್ಟು ತೀರಿಸೋದು. ಅಕ್ಟೋಬರಿನ ದಾನ್ ಉತ್ಸವದ್ದು ಬೇರೆಯೇ ಗೋಳು. ಒಂದು ಸಲ ಅದೇ ವಾರ ಮೂರು ಕಂಪನಿಗಳ ತಂಡಗಳು ಬಂದು ನಮ್ಮ ಹಾಸ್ಟೆಲಿನ ಒಂದೇ ಕಾಂಪೌಂಡ್ ಗೋಡೆಗೆ ಮೂರು ಸಲ ಬಣ್ಣ ಬಳಿದವು. ಒಳಗೆ ಬಚ್ಚಲಿನ ಪೈಪು ಸೋರುತ್ತಿತ್ತು. ಅದನ್ನು ರಿಪೇರಿ ಮಾಡೋ ಫೋಟೋ ಚೆನ್ನಾಗಿ ಬರಲ್ಲ.

ಇಷ್ಟೆಲ್ಲ ಟೀಕಿಸಿದ ಮೇಲೆ ನಾನೂ ಒಂದು ಮಾಡಿ ತೋರಿಸಬೇಕಿತ್ತು. ಕಳೆದ ವರ್ಷ ಅಧ್ಯಕ್ಷರ ಜೊತೆ ಜಗಳ ಆಡಿ, ಹಾಸ್ಟೆಲಿನ ಅಂಗಳದಲ್ಲೇ ಭಾನುವಾರ ಬೆಳಿಗ್ಗೆ ಇಟ್ಟುಕೊಂಡೆವು. ಶಾಲು ಇಲ್ಲ, ಹಾರ ಇಲ್ಲ. ಅಡುಗೆಯವರೇ ಮಾಡಿದ ಚಿತ್ರಾನ್ನ, ಕೇಸರಿಬಾತು. ಹಿಂದಿನ ವರ್ಷದ ಲೆಕ್ಕ ಪೂರ್ತಿ, 27 ಪೈಸೆಯೂ ಸೇರಿ, ಕಪ್ಪು ಹಲಗೆಯ ಮೇಲೆ. ಯಾರ ಕಥೆಯೂ ಇಲ್ಲ. ಬೇಕಿದ್ದವರು ರೂಮು, ಅಡುಗೆಮನೆ, ಬಚ್ಚಲು ನೋಡಬಹುದಿತ್ತು.

ಗೆದ್ದೆವು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಇಬ್ಬರು ದೊಡ್ಡ ಸ್ಪಾನ್ಸರ್‌ಗಳು ಲೋಗೋ ಹಾಕೋಕೆ ಜಾಗ ಎಲ್ಲಿ ಅಂತ ಕೇಳಿ ಹಿಂದೆ ಸರಿದರು. ಬಂದದ್ದು ಬರೀ 3 ಲಕ್ಷ 60 ಸಾವಿರ. ಖರ್ಚು 70 ಸಾವಿರ ಕಳೆದು 2 ಲಕ್ಷ 90 ಸಾವಿರ ಉಳಿಯಿತು. ಮೊದಲಿಗಿಂತ ಹೆಚ್ಚು ನಿಜ, ಆದರೆ 22 ಜನರ ಊಟಕ್ಕೆ ಅದೂ ಸಾಲಲ್ಲ. ದೊಡ್ಡ ಚೆಕ್ಕು ಕೊಡುವವರಿಗೆ ದೊಡ್ಡ ಹಾಲೇ ಬೇಕು ಅನ್ನೋ ಅಧ್ಯಕ್ಷರ ವಾದದಲ್ಲಿ ಹುರುಳಿಲ್ಲ ಅಂತ ಹೇಳೋ ಸ್ಥಿತಿಯಲ್ಲಿ ನಾನಿಲ್ಲ. ಮೊನ್ನೆ ಗುಂಪಿನಲ್ಲಿ ಮತ್ತೆ ಅದೇ ಮೆಸೇಜು ಬಂತು, ಈ ಸಲ ಕೆಳಗೆ ಒಂದು ಹೋಟೆಲಿನ ಕೊಟೇಶನ್ ಸಮೇತ.

ಆ ಭಾನುವಾರ ಬಾಗಿಲ ಹತ್ತಿರ ರಸೀದಿ ಪುಸ್ತಕ ಹಿಡಿದು ಕೂತಿದ್ದವಳು ಅದೇ ಬಿಎಸ್ಸಿ ಹುಡುಗಿ. ತಾನೇ ಕೇಳಿ ಹಾಕಿಸಿಕೊಂಡ ಕೆಲಸ. ಒಳ್ಳೇ ಶರ್ಟು ಹಾಕಿದ್ದ ಒಬ್ಬರು ಹಣ ಕೊಟ್ಟು, ಹೆಸರು ಮಾತ್ರ ಬರೆದು ಹೊರಟರು. ಅವಳು ಅವರನ್ನು ಅರ್ಧ ಅಂಗಳದಿಂದ ವಾಪಸ್ ಕರೆದಳು: 'ಸಾರ್, ಪ್ಯಾನ್ ನಂಬರ್ ಬರೆದಿಲ್ಲ ನೀವು. ಆಮೇಲೆ 80ಜಿ ಸಿಗಲಿಲ್ಲ ಅಂತ ಅಕ್ಕಂಗೆ ಫೋನ್ ಮಾಡ್ತೀರ.'