ಕೊಂಡಿ ಕಳಚಿದ ಸೆರಗು

ಕೊಲ್ಹಾಪುರದ ಟೌನ್‌ಹಾಲ್ ವಸ್ತುಸಂಗ್ರಹಾಲಯದಲ್ಲಿ ಗ್ರೀಕರ ಕಡಲದೇವತೆ ಪೊಸೈಡಾನ್‌ನ ಪುಟ್ಟ ಕಂಚಿನ ಮೂರ್ತಿಯಿದೆ. ಪಂಚಗಂಗೆಯ ದಡದ ಬ್ರಹ್ಮಪುರಿಯಲ್ಲಿ ಸಿಕ್ಕಿದ್ದು. ರೋಮಿನ ವ್ಯಾಪಾರ ಇಲ್ಲಿಯವರೆಗೂ ಬಂದಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಕಂಚು ಉಳಿಯಿತು, ಆ ಕಾಲದ ನಮ್ಮ ಬಟ್ಟೆ ಮಳೆನಾಡಿನ ಮಣ್ಣಿನಲ್ಲಿ ಕರಗಿಹೋಯಿತು.

ಈಜಿಪ್ಟಿನ ಒಣ ಮರಳು ಮಾತ್ರ ಬಟ್ಟೆಯನ್ನೂ ಕಾಯ್ದಿತು. 4ರಿಂದ 7ನೇ ಶತಮಾನದ ಅಂಗಿಗಳು ಅಲ್ಲಿನ ಗೋರಿಗಳಲ್ಲಿ ಸಿಕ್ಕವು: ನಾರಗಸೆಯ ಹಾಸು, ಬಣ್ಣದ ಉಣ್ಣೆಯ ಹೊಕ್ಕು, ಎದೆಯ ಮೇಲಿಳಿವ ಪಟ್ಟಿ, ಭುಜದ ಮೇಲೆ ಬಳ್ಳಿ, ಹಕ್ಕಿ, ಮನುಷ್ಯರ ದುಂಡು ಚಿತ್ರ. 19ನೇ ಶತಮಾನದಲ್ಲಿ ಅಗೆದವರಲ್ಲಿ ಹಲವರು ಚಿತ್ರವಿದ್ದ ತುಂಡನ್ನಷ್ಟೇ ಕತ್ತರಿಸಿ ಮಾರಿ, ಬರಿಬಟ್ಟೆಯನ್ನು ಎಸೆದರು. ಹೀಗಾಗಿ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಇಂದು ಅಲಂಕಾರವಿದೆ, ಅಂಗಿಯಿಲ್ಲ.

ಈ ಕತ್ತರಿಯ ನೆನಪು ನನಗೆ ಇಳಕಲ್ ಸೀರೆ ನೋಡುವಾಗಲೆಲ್ಲ ಬರುತ್ತದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಕಡೆ ಕನ್ನಡದವರಿಗೆ ಅದು ಇಳಕಲ್, ಮರಾಠಿಯವರಿಗೆ ಇರಕಲ್. ಎಲ್ಲರೂ ಹೊಗಳುವುದು ಕೆಂಪು ಸೆರಗಿನ ಬಿಳಿ ತೆನೆಯನ್ನು: ಜೋಳದ ತೆನೆ, ಕೋಟೆಗೋಡೆ, ಹಣಿಗೆಯ ಹಲ್ಲು. ನನ್ನ ಮಟ್ಟಿಗೆ ಸೀರೆಯ ನಿಜವಾದ ಕಲೆ ಕಣ್ಣಿಗೆ ಬೀಳದ ಕಡೆ ಇದೆ. ಒಡಲಿನ ಹತ್ತಿಯ ಹಾಸೇ ಬೇರೆ, ಸೆರಗಿನ ರೇಷ್ಮೆಯ ಹಾಸೇ ಬೇರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಬಿಸಿಲಲ್ಲಿ ದುಡಿಯುವ ಮೈಗೆ ಹತ್ತಿ, ನಾಲ್ಕು ಜನ ನೋಡುವ ತಲೆ-ಹೆಗಲಿಗೆ ರೇಷ್ಮೆ. ಬಡತನ, ಮರ್ಯಾದೆ ಎರಡನ್ನೂ ಬಲ್ಲ ಲೆಕ್ಕಾಚಾರವಿದು. ರೇಷ್ಮೆಯ ಜಾಗಕ್ಕೆ ಅಗ್ಗದ ಕೃತಕ ರೇಷ್ಮೆ ‘ಚಮಕಾ’ ಬಂದಾಗ ಹೊಳಪು ಗಡಸಾಯಿತು, ನಿಜ. ಆದರೂ ಕೊಂಡಿ ಇರುವ ತನಕ ಸೀರೆಯ ತರ್ಕ ಕೆಡಲಿಲ್ಲ.

ಕೆಡಿಸಿದ್ದು ಹಲವು ಸೀರೆಗೆ ಒಟ್ಟಿಗೇ ಹಾಕುವ ಉದ್ದ ಹಾಸು. ಕೊಂಡಿ ಹಾಕಬೇಕಾದರೆ ಒಂದೊಂದು ಸೀರೆಗೂ ಅಳತೆಯ ಹಾಸು ಬೇಕು; ಪವರ್‌ಲೂಮಿಗೆ ಅಷ್ಟು ತಾಳ್ಮೆಯಿಲ್ಲ. ಕೊಲ್ಹಾಪುರ ಜಿಲ್ಲೆಯದೇ ಆದ ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಕೂತದ್ದು 1904ರಲ್ಲಿ. ಆ ಊರು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ, ಬಡವರ ಮೈ ಮುಚ್ಚಿದೆ. ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಕರಾರು ಇರುವುದು ‘ಇಳಕಲ್’ ಎಂಬ ಹೆಸರಿನಲ್ಲಿ ಪೇಟೆಗೆ ಬರುವ ನಕಲಿನ ಬಗ್ಗೆ. ಅದರಲ್ಲಿ ದಡಿಯಿದೆ, ತೆನೆಯಿದೆ, ಕೆಂಪೂ ಇದೆ. ಆದರೆ ಒಡಲಿನ ನೂಲೇ ಸೆರಗಿಗೂ ಹರಿದಿದೆ. ಗೋರಿ ಅಗೆದವರು ಕತ್ತರಿಯಿಂದ ಮಾಡಿದ್ದನ್ನೇ ಇದು ಮಗ್ಗದಲ್ಲಿ ಮಾಡುತ್ತದೆ: ಚಿತ್ರ ಎತ್ತಿಕೊಂಡು ಬಟ್ಟೆಯ ಬುದ್ಧಿಯನ್ನು ಬಿಟ್ಟುಬಿಡುತ್ತದೆ.

ಅಂಗಡಿಯಲ್ಲಿ ಸೀರೆ ಬಿಚ್ಚಿಸಿದಾಗ ತೆನೆ ಎಣಿಸುವ ಮೊದಲು ಸೆರಗು ಒಡಲಿಗೆ ಸೇರುವ ಗೆರೆಯನ್ನು ತಿರುವಿ ನೋಡಿ, ಬೆರಳಾಡಿಸಿ. ಕೊಂಡಿ ಸಿಕ್ಕರೆ ಕೈಮಗ್ಗದ ಬೆಲೆ ಕೊಡಿ. ಸಿಗದಿದ್ದರೆ ಬೇರೆ ಹೆಸರಿನಲ್ಲಿ ಕೊಳ್ಳಿ.